ಮೂತ್ರವರ್ಧಕ ಔಷಧಿಗಳು ಮತ್ತು ಶುಶ್ರೂಷೆ

ಮೂತ್ರಪಿಂಡಗಳು ಸೋಡಿಯಂ ಲವಣವನ್ನೂ ಅದರ ಬೆನ್ನಿಗೇ ನೀರನ್ನೂ ವಾಡಿಕೆಗಿಂತ ಹೆಚ್ಚಾಗಿ ಹೊರಹಾಕುವಂತೆ ಮಾಡುವ ಔಷಧಿಗಳಿಗೆ ಮೂತ್ರವರ್ಧಕಗಳೆಂದು ಹೆಸರು. ಹೃದಯ ವೈಫಲ್ಯ, ಅಧಿಕ ರಕ್ತದೊತ್ತಡ, ಯಕೃತ್ತು ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ, ಮೂತ್ರದಲ್ಲಿ ಪ್ರೋಟೀನು ಸೋರಿ ಮೈಯೆಲ್ಲ ಊದಿಕೊಳ್ಳುವ ನೆಫ್ರೋಟಿಕ್ ಸಿಂಡ್ರೋಮ್, ಮಿದುಳಿನ ಬಾವು, ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಮೊದಲಾದ, ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಕಾಯಿಲೆಗಳಲ್ಲಿ ಇವು ಬಳಕೆಯಾಗುವುದರಿಂದ, ಮೆಡಿಸಿನ್ ವಾರ್ಡಿನಿಂದ ಐಸಿಯುವರೆಗೆ ಆಸ್ಪತ್ರೆಯ ಯಾವ ವಿಭಾಗಕ್ಕೆ ಹೊಸದಾಗಿ ಸೇರಿದ ಶುಶ್ರೂಷಕರಿಗೂ ಇವುಗಳ ಪರಿಚಯ ಬೇಗನೆ ಆಗುತ್ತದೆ. ಈ ಗುಂಪಿನ ಔಷಧಿಗಳಿಗೆ, ಅದರಲ್ಲೂ ಊತ ಇಳಿಸಲು ಕೊಡುವವುಗಳಿಗೆ, ಎಲ್ಲ ರೋಗಿಗಳಿಗೂ ಒಪ್ಪುವ ಸ್ಥಿರ ಪ್ರಮಾಣವೆಂಬುದಿಲ್ಲ. ಮೊದಲ ಬಾರಿ ಕೊಟ್ಟದ್ದಕ್ಕೆ ದೇಹ ಹೇಗೆ ಸ್ಪಂದಿಸಿತೆಂದು ನೋಡಿ ಮುಂದಿನದನ್ನು ಗೊತ್ತುಮಾಡಬೇಕಾಗುತ್ತದೆ. ಗೊತ್ತುಮಾಡುವವರು ವೈದ್ಯರಾದರೂ ಅವರು ನೆಚ್ಚುವ ತೂಕ, ಮೂತ್ರದ ಅಳತೆ, ನಿಂತಾಗಿನ ರಕ್ತದೊತ್ತಡ ಮುಂತಾದ ಅಂಕಿಗಳು ಬಹುಮಟ್ಟಿಗೆ ಶುಶ್ರೂಷಕರು ಬರೆದಿಟ್ಟವೇ ಆಗಿರುವುದರಿಂದ, ಅಳತೆ ತಪ್ಪಿದಲ್ಲಿ ಔಷಧಿಯೂ ತಪ್ಪುತ್ತದೆ.

ಮೂತ್ರಪಿಂಡದಲ್ಲಿ ನಡೆಯುವುದು

ಆರೋಗ್ಯವಂತ ವಯಸ್ಕರ ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆಯಾದರೂ ಅದರಲ್ಲಿ ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದುದೆಲ್ಲವೂ ನೆಫ್ರಾನ್ ಎಂಬ ಸೂಕ್ಷ್ಮ ನಳಿಕೆಗಳ ಉದ್ದಕ್ಕೂ ಹಂತಹಂತವಾಗಿ ಹೀರಲ್ಪಟ್ಟು ರಕ್ತಕ್ಕೆ ಮರಳುತ್ತದೆ. ಸೋಸಿಬಂದ ಸೋಡಿಯಂನ ಮೂರನೆಯ ಎರಡು ಭಾಗದಷ್ಟನ್ನು ನಳಿಕೆಯ ಮೊದಲ ಸುರುಳಿಯೂ, ನಾಲ್ಕನೆಯ ಒಂದು ಭಾಗದಷ್ಟನ್ನು ಹೆನ್ಲೆಯ ಕುಣಿಕೆಯೆಂಬ ಬಳುಕಿನ ಏರು ತೋಳೂ, ಶೇಕಡಾ 5ರಿಂದ 7ರಷ್ಟನ್ನು ದೂರದ ಸುರುಳಿಯೂ, ಕೊನೆಯ ಶೇಕಡಾ 2ರಿಂದ 3ರಷ್ಟನ್ನು ಸಂಗ್ರಾಹಕ ನಳಿಕೆಯೂ ಹಿಂದಕ್ಕೆ ಪಡೆಯುತ್ತವೆ. ಮೂತ್ರವರ್ಧಕಗಳಲ್ಲಿ ಹೆಚ್ಚಿನವು ಈ ಹಿಂಪಡೆಯುವಿಕೆಯನ್ನು ಒಂದಲ್ಲ ಒಂದು ಹಂತದಲ್ಲಿ ತಡೆಯುತ್ತವೆ. ಹಾಗೆ ನಳಿಕೆಯಲ್ಲೇ ಉಳಿದುಹೋದ ಸೋಡಿಯಂ ತನ್ನೊಡನೆ ನೀರನ್ನೂ ಹಿಡಿದಿಟ್ಟುಕೊಂಡು ಹೊರಬೀಳುತ್ತದೆ. ಯಾವ ಹಂತದಲ್ಲಿ ತಡೆ ಬೀಳುತ್ತದೆ ಎಂಬುದರ ಮೇಲೆ ಔಷಧಿಯ ಬಲವಷ್ಟೇ ಅಲ್ಲ, ಅದರಿಂದಾಗುವ ತೊಂದರೆಗಳೂ ನಿಂತಿವೆ. ಆದುದರಿಂದ ಅಡ್ಡಪರಿಣಾಮಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ನಾಲ್ಕು ತಾಣಗಳನ್ನು ನೆನಪಿಟ್ಟುಕೊಳ್ಳುವುದು ಹೊಸಬರಿಗೆ ಹೆಚ್ಚು ಉಪಯುಕ್ತ.

ಹಿನ್ನೆಲೆ

ಮೂತ್ರವನ್ನು ಹೆಚ್ಚಿಸಿ ಊತ ಇಳಿಸುವ ಯತ್ನ ಬಹಳ ಹಳೆಯದು. ಚರಕ ಸಂಹಿತೆಯು ಹೇಳುವ ಐವತ್ತು ದ್ರವ್ಯಗುಂಪುಗಳಲ್ಲಿ ಮೂತ್ರವಿರೇಚನೀಯವೆಂಬುದೂ ಒಂದು. ಪುನರ್ನವ, ನೆಗ್ಗಿಲು, ಬಾಳೆದಿಂಡಿನಂತಹವುಗಳ ಬಳಕೆ ಕರ್ನಾಟಕದ ಮನೆಮದ್ದಿನಲ್ಲಿ ಇಂದಿಗೂ ಉಳಿದಿರುವುದರಿಂದ, ರೋಗಿ ಮನೆಯಲ್ಲಿ ಏನೇನು ಕಷಾಯ ಕುಡಿಯುತ್ತಿದ್ದಾರೆಂದು ದಾಖಲಾತಿಯ ಹೊತ್ತಿಗೆ ಕೇಳುವುದು ಅನಾವಶ್ಯಕ ಕುತೂಹಲವಲ್ಲ.

ಆಧುನಿಕ ಮೂತ್ರವರ್ಧಕಗಳ ಕಥೆ ಆಕಸ್ಮಿಕದಿಂದ ಆರಂಭವಾಗುತ್ತದೆ. 1919ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯಕೀಯ ವಿದ್ಯಾರ್ಥಿಯು ಸಿಫಿಲಿಸ್ ರೋಗಕ್ಕಾಗಿ ಪಾದರಸದ ಸಂಯುಕ್ತವೊಂದನ್ನು ಚುಚ್ಚಿಸಿದಾಗ ರೋಗಿಯ ಮೂತ್ರದ ಪ್ರಮಾಣ ಅನೇಕ ಪಟ್ಟು ಏರಿದ್ದು ಕಂಡುಬಂದಿತು. ವಾರ್ಡಿನಲ್ಲಿ ದಿನದಿನವೂ ಮೂತ್ರವನ್ನು ಅಳೆದು ಬರೆದಿಡುವ ಪದ್ಧತಿ ಇಲ್ಲದೆಹೋಗಿದ್ದರೆ ಆ ಏರಿಕೆ ಯಾರ ಗಮನಕ್ಕೂ ಬರುತ್ತಿರಲಿಲ್ಲವೆಂಬುದು ಶುಶ್ರೂಷೆಯ ದೃಷ್ಟಿಯಿಂದ ಗಮನಾರ್ಹ. ಪಾದರಸದ ಚುಚ್ಚುಮದ್ದುಗಳು ವಿಷಕಾರಿಯಾಗಿದ್ದರೂ ಬೇರೆ ಗತಿಯಿಲ್ಲದೆ ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿದ್ದವು. ಸಲ್ಫಾ ಔಷಧಿಗಳನ್ನು ಸೇವಿಸಿದವರಲ್ಲಿ ಮೂತ್ರ ಕ್ಷಾರೀಯವಾಗುವುದನ್ನು ಗಮನಿಸಿದ ಸಂಶೋಧಕರು ಆ ಎಳೆ ಹಿಡಿದು 1950ರ ದಶಕದ ಆರಂಭದಲ್ಲಿ ಅಸೆಟಜೋಲಮೈಡ್ ಅನ್ನು ರೂಪಿಸಿದರು. ಅಮೆರಿಕದ ಮರ್ಕ್ ಶಾರ್ಪ್ ಅಂಡ್ ಡೋಮ್ ಕಂಪನಿಯ ಕಾರ್ಲ್ ಬೇಯರ್, ಜೇಮ್ಸ್ ಸ್ಪ್ರೇಗ್, ಜಾನ್ ಬೇರ್ ಮತ್ತು ಫ್ರೆಡರಿಕ್ ನೊವೆಲ್ಲೊ ಅವರ ಶ್ರಮದಿಂದ 1958ರಲ್ಲಿ ಕ್ಲೋರೋಥಯಜೈಡ್ ಮಾರುಕಟ್ಟೆಗೆ ಬಂದಾಗ, ಬಾಯಿಯಿಂದ ನುಂಗಬಹುದಾದ, ದೀರ್ಘಕಾಲ ಸೇವಿಸಬಹುದಾದ ಮೂತ್ರವರ್ಧಕವೊಂದು ಮೊದಲ ಬಾರಿಗೆ ದೊರೆತಂತಾಯಿತು; ಈ ನಾಲ್ವರಿಗೂ 1975ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. ಜರ್ಮನಿಯ ಹೋಕ್ಸ್ಟ್ ಕಂಪನಿಯ ಫ್ಯೂರೋಸೆಮೈಡ್ 1960ರ ದಶಕದ ಮಧ್ಯದಲ್ಲಿ ಬಳಕೆಗೆ ಬಂದು, ಇಂದಿಗೂ ವಾರ್ಡಿನ ಔಷಧಿ ಟ್ರಾಲಿಯಲ್ಲಿ ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ಕುಣಿಕೆಯ ಮೇಲೆ ವರ್ತಿಸುವ ಔಷಧಿಗಳು

ಹೆನ್ಲೆಯ ಕುಣಿಕೆಯ ಏರು ತೋಳಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಮತ್ತು ಕ್ಲೋರೈಡ್‌ಗಳನ್ನು ಒಟ್ಟಿಗೆ ಸಾಗಿಸುವ ವಾಹಕವನ್ನು ತಡೆಯುವ ಔಷಧಿಗಳಿಗೆ ಲೂಪ್ ಮೂತ್ರವರ್ಧಕಗಳೆಂದು ಹೆಸರು. ಫ್ಯೂರೋಸೆಮೈಡ್, ಟಾರ್ಸೆಮೈಡ್, ಬ್ಯುಮೆಟನೈಡ್‌ಗಳು ಈ ಗುಂಪಿನವು. ಭಾರತದಲ್ಲಿ ಹಳೆಯ ಬ್ರಿಟಿಷ್ ರೂಢಿಯ ಫ್ರುಸೆಮೈಡ್ ಎಂಬ ಹೆಸರೂ ಪಟ್ಟಿಗಳ ಮೇಲೆ ಕಾಣಸಿಗುವುದರಿಂದ ಎರಡೂ ಒಂದೇ ಔಷಧಿಯೆಂದು ತಿಳಿದಿರಬೇಕು. ಎಲ್ಲ ಮೂತ್ರವರ್ಧಕಗಳಲ್ಲಿ ಇವೇ ಪ್ರಬಲವಾದವು ಮತ್ತು ಮೂತ್ರಪಿಂಡದ ಶಕ್ತಿ ಸಾಕಷ್ಟು ಕುಂದಿದವರಲ್ಲೂ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕೆಲಸ ಮಾಡಬಲ್ಲವು. ಬಾಯಿಯಿಂದ ಕೊಟ್ಟ ಫ್ಯೂರೋಸೆಮೈಡ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಆರಂಭಿಸಿ ಆರರಿಂದ ಎಂಟು ಗಂಟೆ ಉಳಿದರೆ, ನರದೊಳಗೆ ಚುಚ್ಚಿದ್ದು ಐದು ನಿಮಿಷಗಳಲ್ಲಿ ಆರಂಭಿಸಿ ಸುಮಾರು ಎರಡು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಮಲಗಲಾರದೆ ಏದುಸಿರು ಬಿಡುವ ರೋಗಿಗೆ ಮೂತ್ರ ಬರುವುದಕ್ಕೂ ಮುಂಚೆಯೇ ತುಸು ಹಾಯೆನಿಸುವುದುಂಟು. ಔಷಧಿಯು ಸಿರೆಗಳನ್ನು ಹಿಗ್ಗಿಸಿ ಹೃದಯಕ್ಕೆ ಮರಳುವ ರಕ್ತವನ್ನು ಕಡಿಮೆ ಮಾಡುವುದು ಇದಕ್ಕೆ ಕಾರಣವೆನ್ನಲಾಗಿದೆ.

ನುಂಗಿದ ಫ್ಯೂರೋಸೆಮೈಡ್‌ನಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ, ಅದೂ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ. ಹೃದಯ ವೈಫಲ್ಯ ಉಲ್ಬಣಿಸಿದಾಗ ಕಾಲುಗಳಂತೆ ಕರುಳಿನ ಗೋಡೆಯೂ ಊದಿಕೊಂಡು ಔಷಧಿ ನಿಧಾನವಾಗಿ ಹೀರಲ್ಪಡುವುದರಿಂದ, ಮನೆಯಲ್ಲಿ ಮಾತ್ರೆ ತಪ್ಪದೆ ನುಂಗುತ್ತಿದ್ದ ರೋಗಿಯೂ ಮೈ ಊದಿಸಿಕೊಂಡು ಬರಬಹುದು. ಅಂಥವರನ್ನು ಮಾತ್ರೆ ಬಿಟ್ಟವರೆಂದು ಗದರಿಸುವುದು ತಪ್ಪಾಗುತ್ತದೆ. ಟಾರ್ಸೆಮೈಡ್ ಇದಕ್ಕಿಂತ ಪೂರ್ಣವಾಗಿಯೂ ಒಂದೇ ತೆರನಾಗಿಯೂ ಹೀರಲ್ಪಡುತ್ತದೆಯಾದರೂ, ಎರಡನ್ನೂ ಹೋಲಿಸಿ 2023ರಲ್ಲಿ ಪ್ರಕಟವಾದ ಟ್ರಾನ್ಸ್‌ಫಾರ್ಮ್-ಎಚ್‌ಎಫ್ ಎಂಬ ಅಧ್ಯಯನದಲ್ಲಿ ಸಾವಿನ ಪ್ರಮಾಣ ಎರಡೂ ಗುಂಪುಗಳಲ್ಲಿ ಸರಿಸುಮಾರು ಒಂದೇ ಆಗಿತ್ತು. ಬಾಯಿಯಿಂದ ಕೊಡುವಾಗ 40 ಮಿ.ಗ್ರಾಂ ಫ್ಯೂರೋಸೆಮೈಡ್, 20 ಮಿ.ಗ್ರಾಂ ಟಾರ್ಸೆಮೈಡ್, 1 ಮಿ.ಗ್ರಾಂ ಬ್ಯುಮೆಟನೈಡ್ ಹೆಚ್ಚುಕಡಿಮೆ ಸಮಬಲದವು. ಔಷಧಿ ಬದಲಾದಾಗ ಈ ಲೆಕ್ಕ ಗೊತ್ತಿರುವ ಶುಶ್ರೂಷಕರು ಕೇಸ್ ಶೀಟಿನಲ್ಲಿ ಬರೆದ ಅಸಹಜ ಪ್ರಮಾಣವನ್ನು ಹಿಡಿಯಬಲ್ಲರು.

ಚುಚ್ಚುಮದ್ದಿನ ವೇಗಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಲೂಪ್ ಔಷಧಿಗಳು ಒಳಕಿವಿಯಲ್ಲಿರುವ ಇಂಥದೇ ವಾಹಕವನ್ನೂ ತಡೆಯುವುದರಿಂದ, ಹೆಚ್ಚಿನ ಪ್ರಮಾಣವನ್ನು ಒಮ್ಮೆಲೇ ತಳ್ಳಿದರೆ ಕಿವಿಯಲ್ಲಿ ಗುಂಯ್‌ಗುಡುವಿಕೆ, ಕಿವುಡು ಉಂಟಾಗಬಹುದು. 20ರಿಂದ 40 ಮಿ.ಗ್ರಾಂ ಅನ್ನು ಒಂದೆರಡು ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡಬೇಕು. ದೊಡ್ಡ ಪ್ರಮಾಣವಾದರೆ ಸಲೈನಿನಲ್ಲಿ ಬೆರೆಸಿ ನಿಮಿಷಕ್ಕೆ 4 ಮಿ.ಗ್ರಾಂ ಮೀರದಂತೆ ಹರಿಸಬೇಕು. ಜೆಂಟಾಮೈಸಿನ್, ಅಮಿಕಾಸಿನ್‌ನಂತಹ ಜೀವಿರೋಧಕಗಳು ಜೊತೆಗಿದ್ದರೆ ಕಿವಿಗಾಗುವ ಅಪಾಯ ಇಮ್ಮಡಿಸುತ್ತದೆ. ಕಿವಿಯೊಳಗಿನ ಸದ್ದಿನ ಬಗೆಗೆ ರೋಗಿ ತಾನಾಗಿ ಹೇಳದಿರಬಹುದಾದ್ದರಿಂದ ಕೇಳಿ ತಿಳಿಯಬೇಕು. ಈ ಚುಚ್ಚುಮದ್ದು ಕ್ಷಾರೀಯ ದ್ರಾವಣವಾದುದರಿಂದ ಆಮ್ಲೀಯ ದ್ರಾವಣಗಳೊಡನೆ ಬೆರೆತರೆ ಗಸಿ ಕಟ್ಟುತ್ತದೆ. ಆದಕಾರಣ ಅದನ್ನು ಡೆಕ್ಸ್ಟ್ರೋಸ್‌ಗಿಂತ ನಾರ್ಮಲ್ ಸಲೈನಿನಲ್ಲಿ ಬೆರೆಸುವುದು, ಬೇರೆ ಔಷಧಿ ಹರಿಯುತ್ತಿರುವ ಲೈನಿನಲ್ಲಿ ಕೊಡುವ ಮುನ್ನ ಮತ್ತು ಅನಂತರ ಸಲೈನಿನಿಂದ ತೊಳೆಯುವುದು ರೂಢಿ. ಬೆಳಕು ತಗುಲಿ ಹಳದಿ ಬಣ್ಣಕ್ಕೆ ತಿರುಗಿದ ಆಂಪೂಲನ್ನು ಎಸೆಯಬೇಕು.

ಥಯಜೈಡ್‌ಗಳು, ಪೊಟ್ಯಾಸಿಯಂ ಉಳಿಸುವವು ಮತ್ತು ಇತರೆ

ದೂರದ ಸುರುಳಿಯಲ್ಲಿ ಕೆಲಸ ಮಾಡುವ ಥಯಜೈಡ್ ಹಾಗೂ ಅದನ್ನು ಹೋಲುವ ಔಷಧಿಗಳಾದ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥ್ಯಾಲಿಡೋನ್, ಇಂಡಪಮೈಡ್‌ಗಳು ಮುಖ್ಯವಾಗಿ ರಕ್ತದೊತ್ತಡದ ಚಿಕಿತ್ಸೆಗೆ ಸಲ್ಲುತ್ತವೆ ಮತ್ತು ಬಿ.ಪಿ. ಮಾತ್ರೆಗಳಲ್ಲಿ ಬೇರೆ ಔಷಧಿಯ ಜೊತೆ ಸೇರಿಕೊಂಡೇ ಬರುವುದು ಹೆಚ್ಚು. ತಾನು ಮೂತ್ರವರ್ಧಕ ನುಂಗುತ್ತಿದ್ದೇನೆಂಬುದು ಅನೇಕ ರೋಗಿಗಳಿಗೆ ಗೊತ್ತೇ ಇರುವುದಿಲ್ಲವಾದ್ದರಿಂದ ಮಾತ್ರೆಯ ಪಟ್ಟಿಯನ್ನು ತರಿಸಿ ಅದರ ಹಿಂಬದಿ ಓದುವುದು ಲೇಸು. ಇವು ರಕ್ತದಲ್ಲಿ ಯೂರಿಕ್ ಆಮ್ಲ ಮತ್ತು ಸಕ್ಕರೆಯನ್ನು ತುಸು ಏರಿಸುತ್ತವೆ. ಲೂಪ್ ಔಷಧಿಗಳು ಕ್ಯಾಲ್ಸಿಯಂ ಅನ್ನು ಮೂತ್ರದಲ್ಲಿ ಕಳೆದರೆ ಇವು ಅದನ್ನು ಉಳಿಸಿಕೊಳ್ಳುತ್ತವೆ. ಆದರೆ ಹೊಸ ಶುಶ್ರೂಷಕರು ಎಲ್ಲಕ್ಕಿಂತ ಹೆಚ್ಚಾಗಿ ಅರಿತಿರಬೇಕಾದುದು ಸೋಡಿಯಂ ಕುಸಿತವನ್ನು. ವಯಸ್ಸಾದವರಲ್ಲಿ, ವಿಶೇಷವಾಗಿ ಕೃಶ ದೇಹದ ವೃದ್ಧೆಯರಲ್ಲಿ, ಮಾತ್ರೆ ಆರಂಭಿಸಿದ ಕೆಲವೇ ವಾರಗಳಲ್ಲಿ ಮಂಕು, ತೊದಲು, ಹೊತ್ತುಗೊತ್ತಿನ ಅರಿವು ತಪ್ಪುವುದು, ಕೊನೆಗೆ ಫಿಟ್ಸ್ ಕಾಣಿಸಿಕೊಳ್ಳಬಹುದು. ಮನೆಯವರು ಇದನ್ನು ಅರಳುಮರಳು ಎಂದು ತಳ್ಳಿಹಾಕಿರುವುದೂ ಉಂಟು.

ಮೂರನೆಯ ಗುಂಪಿನ ಸ್ಪೈರನೋಲ್ಯಾಕ್ಟೋನ್ ಮತ್ತು ಎಪ್ಲೆರೆನೋನ್‌ಗಳು ಸಂಗ್ರಾಹಕ ನಳಿಕೆಯಲ್ಲಿ ಆಲ್ಡೋಸ್ಟೆರೋನ್ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುತ್ತವೆ. ಅಮಿಲೋರೈಡ್ ಅಲ್ಲಿನ ಸೋಡಿಯಂ ದಾರಿಯನ್ನೇ ಮುಚ್ಚುತ್ತದೆ. ಮೂತ್ರ ಹೆಚ್ಚಿಸುವ ಬಲ ಇವುಗಳಿಗೆ ಕಡಿಮೆಯಾದರೂ ಪೊಟ್ಯಾಸಿಯಂ ಪೋಲಾಗದಂತೆ ಕಾಯುತ್ತವೆ. ತೀವ್ರ ಹೃದಯ ವೈಫಲ್ಯದವರಿಗೆ ದಿನಕ್ಕೆ 25 ಮಿ.ಗ್ರಾಂ ಸ್ಪೈರನೋಲ್ಯಾಕ್ಟೋನ್ ಕೊಟ್ಟಾಗ ಸಾವಿನ ಅಪಾಯ ಶೇಕಡಾ 30ರಷ್ಟು ತಗ್ಗಿತೆಂದು 1999ರಲ್ಲಿ ಪ್ರಕಟವಾದ ರೇಲ್ಸ್ ಅಧ್ಯಯನ ತೋರಿಸಿದ ಮೇಲೆ, ಮೂತ್ರ ಬರಿಸುವುದಕ್ಕಿಂತ ಹೃದಯವನ್ನು ಕಾಪಾಡುವುದಕ್ಕಾಗಿ ಇದನ್ನು ಬರೆಯುವುದು ವಾಡಿಕೆಯಾಯಿತು. ಗಂಡಸರಲ್ಲಿ ಎದೆ ಉಬ್ಬಿ ನೋಯುವುದು ಸ್ಪೈರನೋಲ್ಯಾಕ್ಟೋನ್‌ನ ತಿಳಿದ ತೊಂದರೆ. ನಾಚಿಕೆಯಿಂದ ಹೇಳಿಕೊಳ್ಳದೆ ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುವವರಿದ್ದಾರೆ. ಯಕೃತ್ತಿನ ಸಿರೋಸಿಸ್‌ನಿಂದಾದ ಜಲೋದರದಲ್ಲಿ 100 ಮಿ.ಗ್ರಾಂ ಸ್ಪೈರನೋಲ್ಯಾಕ್ಟೋನ್‌ಗೆ 40 ಮಿ.ಗ್ರಾಂ ಫ್ಯೂರೋಸೆಮೈಡ್ ಎಂಬ ಪಾಂಗನ್ನು ಕಾಯ್ದುಕೊಳ್ಳುವ ಪದ್ಧತಿಯಿದೆ. ಅಲ್ಲಿ ನೀರನ್ನು ಬೇಗ ಇಳಿಸುವುದು ಜಾಣತನವಲ್ಲ. ಕಾಲಿನ ಊತವಿಲ್ಲದವರಲ್ಲಿ ದಿನಕ್ಕೆ ಅರ್ಧ ಕಿಲೋ, ಇದ್ದವರಲ್ಲಿ ಒಂದು ಕಿಲೋ ಮೀರಿ ತೂಕ ಇಳಿದರೆ ಮೂತ್ರಪಿಂಡ ಸೋಲಬಹುದು, ಮಿದುಳಿಗೆ ಮಂಕು ಕವಿಯಬಹುದು.

ಮ್ಯಾನಿಟಾಲ್ ಈ ಯಾವ ವಾಹಕದ ತಂಟೆಗೂ ಹೋಗದೆ, ತಾನು ಹೀರಲ್ಪಡದೆ ನಳಿಕೆಯಲ್ಲಿ ಉಳಿದು ನೀರನ್ನು ಸೆಳೆಯುವ ಸಕ್ಕರೆ ಜಾತಿಯ ವಸ್ತು. ಮಿದುಳಿನ ಬಾವು ಇಳಿಸಲು ಶೇಕಡಾ 20ರ ದ್ರಾವಣವನ್ನು 20ರಿಂದ 30 ನಿಮಿಷಗಳಲ್ಲಿ ಹರಿಸುತ್ತಾರೆ. ಚಳಿಯಲ್ಲಿ ಬಾಟಲಿಯೊಳಗೆ ಹರಳು ಕಟ್ಟುವುದರಿಂದ ಬೆಳಕಿಗೆ ಹಿಡಿದು ನೋಡಿ, ಹರಳಿದ್ದರೆ ಬೆಚ್ಚಗೆ ಮಾಡಿ ಕರಗಿಸಿ, ದೇಹದ ಉಷ್ಣತೆಗೆ ಆರಿದ ಮೇಲೆ ಫಿಲ್ಟರ್ ಇರುವ ಸೆಟ್ಟಿನಲ್ಲಿ ಕೊಡಬೇಕು. ಮೂತ್ರವೇ ಬಾರದ ರೋಗಿಗೆ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಇದನ್ನು ಕೊಟ್ಟರೆ, ಸೆಳೆದ ನೀರೆಲ್ಲ ರಕ್ತನಾಳದಲ್ಲೇ ನಿಂತು ಹೃದಯಕ್ಕೆ ಹೊರೆಯಾಗುತ್ತದೆ. ಅಸೆಟಜೋಲಮೈಡ್ ಈಗ ಮೂತ್ರಕ್ಕಿಂತ ಹೆಚ್ಚಾಗಿ ಗ್ಲಾಕೋಮಾಕ್ಕೂ, ಲಡಾಖ್‌ನಂತಹ ಎತ್ತರದ ಜಾಗಗಳಿಗೆ ಹೋಗುವವರ ಪರ್ವತ ಕಾಯಿಲೆಗೂ ಬಳಕೆಯಾಗುತ್ತಿದೆ. ಬೆರಳುಗಳಲ್ಲಿ ಜುಮ್ಮೆನ್ನುವುದು ಅದರ ನಿರಪಾಯದ ಲಕ್ಷಣ. ಡಪಾಗ್ಲಿಫ್ಲೋಜಿನ್‌ನಂತಹ ಸಕ್ಕರೆ ಕಾಯಿಲೆಯ ಹೊಸ ಔಷಧಿಗಳು ಮೂತ್ರವರ್ಧಕಗಳ ಸಾಲಿಗೆ ಸೇರದಿದ್ದರೂ ಸಕ್ಕರೆಯ ಜೊತೆ ಸೋಡಿಯಂ ಮತ್ತು ನೀರನ್ನು ಹೊರಹಾಕುವುದರಿಂದ, ಫ್ಯೂರೋಸೆಮೈಡ್ ಜೊತೆಗೆ ಇವನ್ನು ಆರಂಭಿಸಿದಾಗ ರಕ್ತದೊತ್ತಡ ಇಳಿಯುವುದನ್ನು ಗಮನಿಸಬೇಕಾಗುತ್ತದೆ. ಪ್ರಸಂಗವಶಾತ್ ಹೇಳಬೇಕೆಂದರೆ, ಮೂತ್ರವರ್ಧಕಗಳು ತೂಕವನ್ನು ಬೇಗ ಇಳಿಸುವುದರಿಂದಲೂ ಬೇರೆ ನಿಷೇಧಿತ ಔಷಧಿಗಳ ಸುಳಿವನ್ನು ಮೂತ್ರದಲ್ಲಿ ತಿಳಿಯಾಗಿಸಿ ಮರೆಮಾಚುವುದರಿಂದಲೂ ಕ್ರೀಡಾಪಟುಗಳಿಗೆ ನಿಷಿದ್ಧ. 2003ರ ಕ್ರಿಕೆಟ್ ವಿಶ್ವಕಪ್ಪಿನ ಹೊಸ್ತಿಲಲ್ಲಿ ಆಸ್ಟ್ರೇಲಿಯದ ಶೇನ್ ವಾರ್ನ್ ಮನೆಗೆ ಮರಳಿ ಒಂದು ವರ್ಷದ ನಿಷೇಧ ಅನುಭವಿಸಿದ್ದು ಇಂಥದೊಂದು ಮಾತ್ರೆಯಿಂದಲೇ.

ಕೊಡುವ ಮುನ್ನ

ಔಷಧಿಯನ್ನು ಕೈಗೆತ್ತಿಕೊಳ್ಳುವ ಮೊದಲು ಶುಶ್ರೂಷಕರು ರೋಗಿಯ ಆ ದಿನದ ರಕ್ತದೊತ್ತಡ, ನಾಡಿ, ತೂಕ, ಹಿಂದಿನ 24 ಗಂಟೆಗಳ ಮೂತ್ರದ ಲೆಕ್ಕ ಹಾಗೂ ಇತ್ತೀಚಿನ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ವರದಿಗಳನ್ನು ನೋಡಿರಬೇಕು. ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಈಕ್ವಿವಲೆಂಟ್‌ನೊಳಗೆ ಇರಬೇಕು. 3.5ಕ್ಕಿಂತ ಕೆಳಗಿದ್ದರೆ ಫ್ಯೂರೋಸೆಮೈಡ್ ಕೊಡುವ ಮುನ್ನ, 5ನ್ನು ಮೀರಿದ್ದರೆ ಸ್ಪೈರನೋಲ್ಯಾಕ್ಟೋನ್ ಕೊಡುವ ಮುನ್ನ ವೈದ್ಯರಿಗೆ ತಿಳಿಸಿ ಅವರ ಮಾತನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಸಿಸ್ಟಾಲಿಕ್ ಒತ್ತಡ 90ರ ಆಸುಪಾಸಿಗೆ ಇಳಿದಿರುವ, ನಾಲಗೆ ಒಣಗಿರುವ, ವಾಂತಿ ಭೇದಿಯಿಂದ ಬಳಲಿರುವ ರೋಗಿಗೆ ಚಾರ್ಟಿನಲ್ಲಿದೆಯೆಂಬ ಕಾರಣಕ್ಕೆ ಔಷಧಿ ಕೊಟ್ಟುಬಿಡುವುದು ಸಲ್ಲದು. ತಡೆಹಿಡಿದು ಕೇಳಬೇಕು, ತಡೆಹಿಡಿದುದರ ಕಾರಣವನ್ನೂ ಬರೆಯಬೇಕು. ಇದಕ್ಕೆ ಬೇಕಾಗುವ ಧೈರ್ಯ ಹೊಸಬರಿಗೆ ಬರುವುದು ತಡವಾಗಿಯೇ ಎಂಬುದು ನಿಜವಾದರೂ, ಅಂಕಿಯನ್ನು ಮುಂದಿಟ್ಟು ಕೇಳಿದ ಪ್ರಶ್ನೆಗೆ ಸಿಡುಕುವವರು ಕಡಿಮೆ.

ಸಲ್ಫಾ ಅಲರ್ಜಿಯ ಪ್ರಶ್ನೆ ಆಗಾಗ ಎದುರಾಗುತ್ತದೆ. ಫ್ಯೂರೋಸೆಮೈಡ್ ಮತ್ತು ಥಯಜೈಡ್‌ಗಳ ರಚನೆಯಲ್ಲಿ ಸಲ್ಫೋನಮೈಡ್ ಅಂಶವಿದ್ದರೂ ಸಲ್ಫಾ ಜೀವಿರೋಧಕಗಳಿಗೆ ಅಲರ್ಜಿಯಿದ್ದವರೆಲ್ಲರಿಗೂ ಇವು ಒಗ್ಗುವುದಿಲ್ಲವೆಂದೇನೂ ಇಲ್ಲ. ಆದರೂ ಹಿಂದಿನ ಪ್ರತಿಕ್ರಿಯೆ ಬರೀ ತುರಿಕೆಯಾಗಿತ್ತೇ, ಚರ್ಮ ಸುಲಿಯುವಷ್ಟು ತೀವ್ರವಾಗಿತ್ತೇ ಎಂದು ಕೇಳಿ ವೈದ್ಯರಿಗೆ ತಿಳಿಸಬೇಕು. ಜೊತೆಯ ಔಷಧಿಗಳಲ್ಲಿ ಡಿಗಾಕ್ಸಿನ್ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಡುತ್ತದೆ. ಪೊಟ್ಯಾಸಿಯಂ ಕುಸಿದರೆ ಅದರ ವಿಷ ತಲೆಗೇರುತ್ತದೆ. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, 60ಕ್ಕಿಂತ ಕಡಿಮೆಯಿದ್ದರೆ ಡಿಗಾಕ್ಸಿನ್ ಕೊಡದೆ ತಿಳಿಸಬೇಕು. ವಾಕರಿಕೆ, ಹಸಿವಿಲ್ಲದಿರುವುದು, ಕಣ್ಣಿಗೆ ಹಳದಿ ಛಾಯೆ ಕಾಣುವುದು ಡಿಗಾಕ್ಸಿನ್ ವಿಷದ ಮುನ್ಸೂಚನೆಗಳು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನ್ಯಾಕ್, ಐಬುಪ್ರೊಫೇನ್‌ಗಳು ಸೋಡಿಯಂ ಅನ್ನು ಹಿಡಿದಿಟ್ಟು ಮೂತ್ರವರ್ಧಕದ ಫಲವನ್ನು ಕೆಡಿಸುತ್ತವೆ. ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜಾತಿಯ ಬಿ.ಪಿ. ಮಾತ್ರೆ, ಮೂತ್ರವರ್ಧಕ ಮತ್ತು ಈ ನೋವಿನ ಮಾತ್ರೆ ಮೂರೂ ಒಟ್ಟಾದರೆ ಮೂತ್ರಪಿಂಡ ಒಮ್ಮೆಲೇ ಸೋಲುವ ಅಪಾಯವಿದೆ. ಲೀಥಿಯಂ ಸೇವಿಸುವ ಮಾನಸಿಕ ರೋಗಿಗಳಲ್ಲಿ ಥಯಜೈಡ್‌ನಿಂದ ಲೀಥಿಯಂ ಮಟ್ಟ ಏರುತ್ತದೆ.

ಹೆಸರಿನ ಗೊಂದಲಗಳೂ ಉಂಟು. ಅಮೆರಿಕದಲ್ಲಿ ಲೋಸೆಕ್ ಎಂಬ ಹೆಸರಿನಿಂದ ಬಂದ ಹೊಟ್ಟೆಯುರಿಯ ಔಷಧಿಯು ಫ್ಯೂರೋಸೆಮೈಡ್‌ನ ಬ್ರ್ಯಾಂಡ್ ಆದ ಲೇಸಿಕ್ಸ್ ಜೊತೆ ಅದಲುಬದಲಾಗುತ್ತಿದ್ದುದರಿಂದ 1990ರಲ್ಲಿ ಅದರ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಬೇಕಾಯಿತು. ಫ್ಯೂರೋಸೆಮೈಡನ್ನು ಸ್ಪೈರನೋಲ್ಯಾಕ್ಟೋನ್ ಅಥವಾ ಅಮಿಲೋರೈಡ್ ಜೊತೆ ಸೇರಿಸಿದ ಮಾತ್ರೆಗಳು ಭಾರತದಲ್ಲಿ ಹೇರಳವಾಗಿರುವ ಕಾರಣ, ಬ್ರ್ಯಾಂಡ್ ಹೆಸರಿನ ಮೊದಲೆರಡು ಅಕ್ಷರ ನೋಡಿ ಕೊಟ್ಟರೆ ಪೊಟ್ಯಾಸಿಯಂ ಕಳೆಯುವ ಔಷಧಿಯ ಬದಲು ಉಳಿಸುವುದನ್ನು ಕೊಟ್ಟಂತಾಗುವುದು ಸಾಧ್ಯ.

ಕೊಡುವ ಹೊತ್ತು ಮತ್ತು ಅನಂತರದ ನಿಗಾ

ದಿನಕ್ಕೊಮ್ಮೆಯಾದರೆ ಬೆಳಿಗ್ಗೆ, ಎರಡು ಬಾರಿಯಾದರೆ ಎರಡನೆಯದನ್ನು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಕೊಡುವುದು ರೂಢಿ. ರಾತ್ರಿ ಕೊಟ್ಟ ಲೂಪ್ ಔಷಧಿಯಿಂದ ನಿದ್ದೆಗೆಡುವುದಷ್ಟೇ ಅಲ್ಲ, ಅವಸರದಲ್ಲಿ ಎದ್ದು ಕತ್ತಲಲ್ಲಿ ಟಾಯ್ಲೆಟ್ಟಿಗೆ ಹೋಗುವ ವೃದ್ಧರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ತುರ್ತಿನಲ್ಲಿ ಯಾವ ಹೊತ್ತಾದರೂ ಕೊಡಬೇಕಾದೀತು. ಆಗ ಚುಚ್ಚುವ ಮೊದಲೇ ಬೆಡ್‌ಪ್ಯಾನ್ ಅಥವಾ ಯೂರಿನಲ್ ಪಾಟ್ ಕೈಗೆಟಕುವಲ್ಲಿ ಇರಬೇಕು, ಕರೆಗಂಟೆ ರೋಗಿಯ ಕೈಯಲ್ಲಿರಬೇಕು. ಮಲಗಿದ್ದಾಗ ಮತ್ತು ನಿಂತ ಮೂರು ನಿಮಿಷದೊಳಗೆ ಒತ್ತಡ ಅಳೆದು, ಸಿಸ್ಟಾಲಿಕ್ 20 ಅಥವಾ ಡಯಾಸ್ಟಾಲಿಕ್ 10 ಮಿ.ಮೀ. ಇಳಿದಿದ್ದರೆ ಅದನ್ನು ಬರೆದು ತಿಳಿಸಬೇಕು.

ಔಷಧಿಯ ಫಲವನ್ನು ಅಳೆಯುವ ಸಾಧನಗಳಲ್ಲಿ ದಿನದ ತೂಕಕ್ಕೆ ಮೊದಲ ಸ್ಥಾನ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆಂಬ ಸರಳ ಲೆಕ್ಕ ಇಲ್ಲಿ ಕೈಕೊಡುವುದಿಲ್ಲ. ಆದರೆ ಬೆಳಿಗ್ಗೆ ಮೂತ್ರ ಮಾಡಿ ತಿಂಡಿಗೆ ಮುನ್ನ, ಅದೇ ತಕ್ಕಡಿಯಲ್ಲಿ, ಅಷ್ಟೇ ಬಟ್ಟೆಯಲ್ಲಿ ತೂಗದಿದ್ದರೆ ಅರ್ಧ ಕಿಲೋದ ವ್ಯತ್ಯಾಸಕ್ಕೆ ಅರ್ಥವೇ ಉಳಿಯದು. ನಿನ್ನೆಯ ಅಂಕಿಯನ್ನೇ ನಕಲು ಮಾಡಿದ ತೂಕವು ಬರೆಯದೆ ಬಿಟ್ಟ ತೂಕಕ್ಕಿಂತ ಅಪಾಯಕಾರಿ. ಒಳಹೋದ ಮತ್ತು ಹೊರಬಂದ ದ್ರವದ ಚಾರ್ಟು ಎರಡನೆಯ ಸಾಧನ. ಅದು ಸೋಲುವುದು ಸಾಮಾನ್ಯವಾಗಿ ಒಳಹೋದ ಬದಿಯಲ್ಲಿ. ಡ್ರಿಪ್ಪಿನ ಲೆಕ್ಕ ಸರಿಯಾಗಿದ್ದರೂ ನೋಡಲು ಬಂದ ನೆಂಟರು ತಂದ ಎಳನೀರು, ಗಂಜಿ, ಮಜ್ಜಿಗೆ, ಔಷಧಿ ಕರಗಿಸಿದ ಸಲೈನು ಲೆಕ್ಕಕ್ಕೆ ಬರುವುದಿಲ್ಲ. ರೋಗಿಯ ಲೋಟ ಎಷ್ಟು ಮಿ.ಲೀ. ಹಿಡಿಯುತ್ತದೆಂದು ಮೊದಲ ದಿನವೇ ಅಳೆದಿಟ್ಟು, ಲೋಟದ ಲೆಕ್ಕದಲ್ಲಿ ಹೇಳುವಂತೆ ಜೊತೆಯಲ್ಲಿರುವವರಿಗೆ ಕಲಿಸಿದರೆ ಕೆಲಸ ಹಗುರವಾಗುತ್ತದೆ. ಹೃದಯ ವೈಫಲ್ಯ ಉಲ್ಬಣಿಸಿ ಬಂದವರಲ್ಲಿ ಮೊದಲ ಚುಚ್ಚುಮದ್ದಿನ ಅನಂತರ ಗಂಟೆಗಂಟೆಯ ಮೂತ್ರ ಅಳೆಯುವುದು ಅವಶ್ಯ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2021ರ ಮಾರ್ಗಸೂಚಿಯ ಪ್ರಕಾರ ಮೊದಲ ಆರು ಗಂಟೆಗಳಲ್ಲಿ ಗಂಟೆಗೆ 100ರಿಂದ 150 ಮಿ.ಲೀ. ಗಿಂತ ಕಡಿಮೆ ಬಂದರೆ ಅಥವಾ ಎರಡು ಗಂಟೆಯ ಹೊತ್ತಿಗೆ ಮೂತ್ರದ ಸೋಡಿಯಂ 50ರಿಂದ 70ಕ್ಕಿಂತ ಕೆಳಗಿದ್ದರೆ ಪ್ರಮಾಣ ಸಾಲದೆಂದು ತಿಳಿಯಬೇಕು. ಹಾಗಾಗಿ ರಾತ್ರಿ ಪಾಳಿಯಲ್ಲಿ ಕೊಟ್ಟ ಔಷಧಿಗೆ ಮೂತ್ರ ಬಾರದಿದ್ದುದನ್ನು ಬೆಳಗಿನ ರೌಂಡ್ಸ್‌ವರೆಗೆ ಕಾಯ್ದಿಡುವಂತಿಲ್ಲ. ಕ್ಯಾಥೆಟರ್ ಇದ್ದವರಲ್ಲಿ ಮೂತ್ರ ಬಾರದಿದ್ದರೆ ಔಷಧಿಯನ್ನು ದೂರುವ ಮುನ್ನ ನಳಿಕೆ ಮಡಚಿದೆಯೇ, ಕಟ್ಟಿಕೊಂಡಿದೆಯೇ ಎಂದು ನೋಡಬೇಕು.

ಸಾಕಷ್ಟು ಪ್ರಮಾಣ ಕೊಟ್ಟರೂ ಫಲ ಕಾಣದಿರುವುದಕ್ಕೆ ಮೂತ್ರವರ್ಧಕ ಪ್ರತಿರೋಧವೆಂದು ಹೆಸರು. ಕುಣಿಕೆಯಲ್ಲಿ ತಡೆಬಿದ್ದ ಸೋಡಿಯಂ ಅನ್ನು ಕಾಲಕ್ರಮೇಣ ದಪ್ಪಗಾದ ದೂರದ ಸುರುಳಿಯು ಹಿಂದಕ್ಕೆ ಪಡೆಯತೊಡಗುವುದು ಇದರ ಒಂದು ಕಾರಣವಾದ್ದರಿಂದ, ಮೆಟೊಲಜೋನ್‌ನಂತಹ ಥಯಜೈಡ್ ಜಾತಿಯ ಮಾತ್ರೆಯನ್ನು ಜೊತೆಗೆ ಸೇರಿಸುತ್ತಾರೆ. ಅದನ್ನು ಚುಚ್ಚುಮದ್ದಿಗೆ ಅರ್ಧ ಗಂಟೆ ಮುಂಚೆ ಕೊಡುವುದು ಪದ್ಧತಿ. ಈ ಜೋಡಿಯಿಂದ ಒಮ್ಮೊಮ್ಮೆ ನಿರೀಕ್ಷೆ ಮೀರಿ ಮೂತ್ರ ಹರಿದು ಪೊಟ್ಯಾಸಿಯಂ ಮತ್ತು ಸೋಡಿಯಂ ಒಂದೇ ದಿನದಲ್ಲಿ ಕುಸಿಯುವುದರಿಂದ ಮರುದಿನದ ರಕ್ತಪರೀಕ್ಷೆ ತಪ್ಪಿಸಬಾರದು.

ಪೊಟ್ಯಾಸಿಯಂ

ಲೂಪ್ ಮತ್ತು ಥಯಜೈಡ್ ಔಷಧಿಗಳು ಸೋಡಿಯಂ ಅನ್ನು ಹೆಚ್ಚಾಗಿ ಮುಂದಕ್ಕೆ ಕಳಿಸಿದಾಗ ಸಂಗ್ರಾಹಕ ನಳಿಕೆಯು ಅದರಲ್ಲಿ ಒಂದಿಷ್ಟನ್ನು ಪೊಟ್ಯಾಸಿಯಂಗೆ ಬದಲಾಗಿ ಹಿಂಪಡೆಯುವುದರಿಂದ ಪೊಟ್ಯಾಸಿಯಂ ನಷ್ಟವಾಗುತ್ತದೆ. ಕಾಲು ಸೆಳೆತ, ನಿಶ್ಶಕ್ತಿ, ಮಲಬದ್ಧತೆ, ಹೊಟ್ಟೆಯುಬ್ಬರ, ನಾಡಿ ತಪ್ಪಿ ಬಡಿಯುವುದು ಇದರ ಲಕ್ಷಣಗಳು. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ ಯು ಅಲೆ ಮೂಡುತ್ತದೆ. ಮೆಗ್ನೀಸಿಯಂ ಸಹ ಕುಸಿದಿದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಮಟ್ಟ ಏರುವುದಿಲ್ಲ. ಬಾಯಿಯಿಂದ ಕೊಡುವ ಸಿರಪ್ಪನ್ನು ನೀರಿನಲ್ಲಿ ತೆಳುಮಾಡಿ ಊಟದ ಅನಂತರ ಕೊಟ್ಟರೆ ಹೊಟ್ಟೆ ತೊಳೆಸುವುದು ಕಡಿಮೆ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲಿನ ಬಗೆಗೆ ಮಾತ್ರ ಯಾವ ಸಡಿಲಿಕೆಗೂ ಎಡೆಯಿಲ್ಲ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ 10 ಮಿ.ಲೀ. ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇದ್ದು, ಅದನ್ನು ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ. ಸದಾ ದ್ರಾವಣದಲ್ಲಿ ಬೆರೆಸಿ, ಬಾಟಲಿಯನ್ನು ಹಲವು ಬಾರಿ ತಿರುಗಿಸಿ ಕಲಸಿ, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರದಂತೆ, ಮೂತ್ರ ಬರುತ್ತಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಹರಿಸಬೇಕು; ಆಂಪೂಲುಗಳನ್ನು ಡಿಸ್ಟಿಲ್ಡ್ ವಾಟರ್, ಸಲೈನು ಆಂಪೂಲುಗಳ ಪಕ್ಕದಲ್ಲಿ ಇಡಬಾರದು.

ಪೊಟ್ಯಾಸಿಯಂ ಏರುವುದು ಅದು ಕುಸಿಯುವುದಕ್ಕಿಂತ ಮೌನವಾಗಿ ಕೊಲ್ಲುವ ತೊಂದರೆ. ಸ್ಪೈರನೋಲ್ಯಾಕ್ಟೋನ್ ಜೊತೆ ಎನಲಾಪ್ರಿಲ್ ಜಾತಿಯ ಔಷಧಿಯಿದ್ದು, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕುಂದಿದ್ದು, ಮೇಲೆ ಎಳನೀರು, ಬಾಳೆಹಣ್ಣು ಅಥವಾ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಬೆರೆತ ಉಪ್ಪು ಸೇರಿದರೆ ಅಪಾಯ ಹೆಚ್ಚು. ಆದುದರಿಂದ ಮೂತ್ರದ ಮಾತ್ರೆ ನುಂಗುವವರೆಲ್ಲರಿಗೂ ಎಳನೀರು ಕುಡಿಯಿರೆಂದು ಹೇಳುವ ವಾರ್ಡಿನ ವಾಡಿಕೆ ಅರ್ಧ ಸತ್ಯ ಮಾತ್ರ. ಯಾವ ಮಾತ್ರೆಯೆಂದು ನೋಡಿಯೇ ಹೇಳಬೇಕು. ಬಿಗಿಯಾಗಿ ಕಟ್ಟಿ ಒತ್ತಿ ತೆಗೆದ, ಕೆಂಪುಕಣ ಒಡೆದ ರಕ್ತದ ಮಾದರಿಯಲ್ಲಿ ಪೊಟ್ಯಾಸಿಯಂ ಸುಳ್ಳಾಗಿ ಏರಿ ಕಾಣುತ್ತದೆ, ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆದ ಮಾದರಿಯೂ ನಂಬಿಕೆಗೆ ಅರ್ಹವಲ್ಲ.

ಮನೆಗೆ ಹೋಗುವ ರೋಗಿಗೆ

ಉಪ್ಪನ್ನು ಬಿಡದೆ ನೀರಿನ ಮಾತ್ರೆ ನುಂಗಿದರೆ ಒಂದು ಕೈಯಲ್ಲಿ ಕಳೆದದ್ದನ್ನು ಇನ್ನೊಂದು ಕೈಯಲ್ಲಿ ತುಂಬಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಊಟಕ್ಕೆ ಮೇಲುಪ್ಪು ಹಾಕಿಕೊಳ್ಳುವುದಿಲ್ಲವೆನ್ನುವವರನ್ನೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಮೆಣಸಿನಕಾಯಿ, ಒಣಮೀನು, ಬೇಕರಿ ತಿನಿಸುಗಳ ಹೆಸರು ಹಿಡಿದು ಕೇಳಿದರೆ ಬೇರೆ ಉತ್ತರ ಬರುತ್ತದೆ. ಬಸ್ಸಿನಲ್ಲಿ ಹೋಗಬೇಕಾದ ದಿನ, ಮದುವೆಮನೆಗೆ ಹೋಗುವ ದಿನ, ಹೊಲದ ಕೆಲಸದ ದಿನ ಮಾತ್ರೆ ಬಿಡುವವರು ಹಲವರಿದ್ದಾರೆ, ಹೆಣ್ಣುಮಕ್ಕಳಿಗೆ ಶೌಚಾಲಯದ ಕೊರತೆ ಇದಕ್ಕೆ ದೊಡ್ಡ ಕಾರಣ. ಬಿಡಬೇಡಿ ಎಂದಷ್ಟೇ ಹೇಳುವುದರಿಂದ ಪ್ರಯೋಜನವಿಲ್ಲ. ಅಂದಿನ ಮಾತ್ರೆಯನ್ನು ಮನೆಗೆ ಮರಳಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರಿಂದ ತಿಳಿದು ಹೇಳಿದರೆ ಉಪಯೋಗವಾಗುತ್ತದೆ.

ಬಿಡುಗಡೆಯ ದಿನದ ತೂಕವನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದುಕೊಟ್ಟು, ಒಂದು ದಿನದಲ್ಲಿ ಒಂದು ಕಿಲೋ ಅಥವಾ ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಉಸಿರು ಕಟ್ಟುವವರೆಗೆ ಕಾಯದೆ ಬರಬೇಕೆಂದು ತಿಳಿಸಬೇಕು. ಮನೆಯಲ್ಲಿ ತಕ್ಕಡಿ ಇಲ್ಲದವರಿಗೆ ಚಪ್ಪಲಿ ಬಿಗಿಯಾಗುವುದು, ಸೊಂಟದ ದಾರ ಒತ್ತುವುದು, ರಾತ್ರಿ ಹೆಚ್ಚು ದಿಂಬು ಬೇಕೆನಿಸುವುದು ಇವೇ ಗುರುತುಗಳು. ಇದರ ವಿರುದ್ಧ ದಿಕ್ಕಿನ ಎಚ್ಚರವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ವಾಂತಿ, ಭೇದಿ, ತೀವ್ರ ಜ್ವರ ಬಂದು ನೀರು ಆಹಾರ ಸೇರದ ದಿನಗಳಲ್ಲಿ ಎಂದಿನಂತೆ ಮಾತ್ರೆ ನುಂಗಿದರೆ ಮೂತ್ರಪಿಂಡ ಕೆಡಬಹುದಾದ್ದರಿಂದ, ಅಂದು ಯಾವ ಮಾತ್ರೆಯನ್ನು ನಿಲ್ಲಿಸಿ ಯಾರಿಗೆ ಫೋನ್ ಮಾಡಬೇಕೆಂಬುದನ್ನು ರೋಗಿಯ ಜೊತೆಗೆ ಮನೆಯಲ್ಲಿ ಮಾತ್ರೆ ಎಣಿಸಿ ಕೊಡುವವರಿಗೂ ಹೇಳಿ, ಅವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಿಕೊಂಡು ಕಳಿಸಬೇಕು.